ನಲವತ್ತೇಳರಲ್ಲಿ ನೀರಿಗಿಳಿದವನ ಮಾತು

(ಸಂಘದ ವಾರ್ಷಿಕ ಮಹಾಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಯವರು ನನ್ನನ್ನು ಆಹ್ವಾನಿಸಲು ಮನೆಗೆ ಬಂದಾಗ ಶಿಕ್ಷಣ ಮತ್ತು ಸಮುದಾಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದರು. ಆ ವಿಷಯದ ಮೇಲೆ ಇದೇ ವೇದಿಕೆಯಲ್ಲಿ ನಾನು ಈ ಹಿಂದೆ ಮೂರು ಸಲ ಮಾತನಾಡಿದ್ದೇನೆ. ಮೂರು ಸಲವೂ ಹೆಚ್ಚುಕಡಿಮೆ ಅದೇ ಮಾತು, ಅದೇ ಚಪ್ಪಾಳೆ. ಆದ್ದರಿಂದ ಈ ಬಾರಿ ನನಗೆ ನಿಜವಾಗಿ ಗೊತ್ತಿರುವ, ಇತ್ತೀಚೆಗೆ ಕಷ್ಟಪಟ್ಟು ಕಲಿತ ಒಂದು ವಿಷಯ ಹೇಳುತ್ತೇನೆ, ಒಪ್ಪಿಗೆಯೇ ಎಂದು ಕೇಳಿದೆ. ಅವರು ಸ್ವಲ್ಪ ಅನುಮಾನದಿಂದಲೇ ಒಪ್ಪಿದರು. ಹಾಗಾಗಿ ಇವತ್ತಿನ ವಿಷಯ ಟ್ರಯಥ್ಲಾನ್. ಈಜು, ಸೈಕಲ್, ಓಟ ಈ ಮೂರನ್ನೂ ನಡುವೆ ಬಿಡುವಿಲ್ಲದೆ ಒಂದರ ಹಿಂದೆ ಒಂದರಂತೆ ಮುಗಿಸುವ ಸ್ಪರ್ಧೆ. ನಿಮ್ಮಲ್ಲಿ ಹಲವರಿಗೆ ನಾನು ವಿಜ್ಞಾನದ ಮಾಸ್ಟ್ರು. ಈ ಹೊಟ್ಟೆ ಹೊತ್ತುಕೊಂಡು ಇವರಿಗೆಲ್ಲಿಯ ಓಟ ಎಂದು ನೀವು ನಗುವುದಾದರೆ ನಗಿ. ಹೊಟ್ಟೆ ಮೊದಲಿಗಿಂತ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ನಾನು ಹೇಗೆ ಈ ದಾರಿಗೆ ಬಂದೆ ಎಂಬುದನ್ನು ಮೊದಲು ಹೇಳಬೇಕು. ನನ್ನ ಅಣ್ಣ 1990ರಲ್ಲಿ, ಇಪ್ಪತ್ತರ ಹರೆಯದಲ್ಲಿ ಕೊಲ್ಲಿಗೆ ಹೋದವರು. ಅವರು ಕಳಿಸಿದ ಹಣದಿಂದ ನಾನು ಬಿ.ಎಸ್ಸಿ. ಮಾಡಿದೆ, ಬಿ.ಎಡ್. ಮಾಡಿದೆ, ತಂಗಿಯ ಮದುವೆಯಾಯಿತು, ಮನೆಗೆ ತಾರಸಿ ಬಂತು. ಇದು ಈ ಸಭೆಯಲ್ಲಿರುವ ಪ್ರತಿ ಎರಡನೆಯ ಮನೆಯ ಕತೆ, ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ಪ್ರತಿ ಸಲ ಸ್ವಲ್ಪ ದಪ್ಪ, ಸ್ವಲ್ಪ ಹೆಚ್ಚು ಮಾತ್ರೆ. ಅಲ್ಲಿ ಹನ್ನೆರಡು ಗಂಟೆಯ ಡ್ಯೂಟಿ, ಒಂದು ಕೋಣೆಯಲ್ಲಿ ಆರು ಜನ, ರಾತ್ರಿ ಹನ್ನೊಂದಕ್ಕೆ ಊಟ. 'ಊರಿಗೆ ಬಂದು ನೆಲೆಯಾದ ಮೇಲೆ ದಿನಾ ಬೆಳಿಗ್ಗೆ ನಡೆಯಲು ಶುರು ಮಾಡುತ್ತೇನೆ' ಎಂದು ನನಗೆ ಫೋನಿನಲ್ಲಿ ಹೇಳಿದ್ದರು. 2021ರಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರು ಏಳಲಿಲ್ಲ. ಐವತ್ತೊಂದು ವರ್ಷ. ಅಲ್ಲಿಯೇ ದಫನ ಆಯಿತು. ನಮಗೆ ಬಂದದ್ದು ಅವರ ಪೆಟ್ಟಿಗೆ ಮಾತ್ರ.

ನಾನು ಆಗಲೂ ಪಾಠ ಕಲಿಯಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಎರಡು ವರ್ಷ ಅಳುತ್ತಲೇ ಬಿರಿಯಾನಿ ತಿಂದೆ. 2023ರ ಆಗಸ್ಟಿನಲ್ಲಿ ಜ್ವರಕ್ಕೆಂದು ರಕ್ತ ಪರೀಕ್ಷೆ ಮಾಡಿಸಿದಾಗ ವೈದ್ಯರು ಸಕ್ಕರೆಯ ಅಂಶವನ್ನೂ ನೋಡಿದರು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.3. ಅದು 6.5 ಮುಟ್ಟಿದರೆ ಮಧುಮೇಹ, 5.7ರಿಂದ 6.4ರವರೆಗೆ ಗಡಿ. ತೂಕ 84 ಕಿಲೋ. 'ಮಾಸ್ಟ್ರೇ, ನೀವು ಗಡಿಯಲ್ಲಿ ನಿಂತಿದ್ದೀರಿ. ಎರಡು ಹೆಜ್ಜೆ ಈಚೆ ಬಂದರೆ ಮಾತ್ರೆ ಬೇಡ, ಒಂದು ಹೆಜ್ಜೆ ಆಚೆ ಹೋದರೆ ಜೀವಮಾನವಿಡೀ ಬೇಕು' ಎಂದರು. ಅಣ್ಣನ ವಿಷಯ ಕೇಳಿದ ಮೇಲೆ ಅವರ ಮುಖ ಇನ್ನಷ್ಟು ಗಂಭೀರವಾಯಿತು.

ಇಲ್ಲಿ ಕೆಲವು ಅಂಕಿಗಳನ್ನು ಹೇಳಿ ಮುಂದೆ ಹೋಗುತ್ತೇನೆ, ಮಾಸ್ಟ್ರ ಚಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಮಿಕ್ಕಿ. ನನ್ನಂತೆ ಗಡಿಯಲ್ಲಿ ನಿಂತವರು ಇನ್ನೂ ಸುಮಾರು 13.6 ಕೋಟಿ. ಮೊದಲ ಹೃದಯಾಘಾತ ದಕ್ಷಿಣ ಏಷ್ಯಾದವರಿಗೆ ಉಳಿದ ದೇಶದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆಂದು ಹಲವು ದೇಶಗಳ ರೋಗಿಗಳನ್ನು ಹೋಲಿಸಿ ನೋಡಿದವರು ಹೇಳಿದ್ದಾರೆ. ಆದರೆ ಗಡಿಯಿಂದ ಹಿಂದೆ ಬರಲು ಸಾಧ್ಯ ಎಂಬುದಕ್ಕೂ ಪುರಾವೆ ಇದೆ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ, ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ ಮತ್ತು ತೂಕದಲ್ಲಿ ಶೇಕಡಾ 7ರಷ್ಟು ಇಳಿಕೆಯಿಂದ ಮಧುಮೇಹ ಬರುವ ಸಂಭವ ಶೇಕಡಾ 58ರಷ್ಟು ಕಡಿಮೆಯಾಗುತ್ತದೆಂದು ತೋರಿಸಿತು. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಮ್ಮವರ ಮೇಲೆಯೇ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಳಿಕೆ ಸುಮಾರು ಶೇಕಡಾ 28. ನಮ್ಮ ಮೈ ಸ್ವಲ್ಪ ಹಠಮಾರಿ ಎಂದಾಯಿತು. ಆದರೂ 28 ಎಂಬುದು ಸಣ್ಣ ಸಂಖ್ಯೆಯಲ್ಲ.

ಹಾಗಾದರೆ ನಡೆದರೆ ಸಾಕಿತ್ತಲ್ಲ, ಟ್ರಯಥ್ಲಾನ್ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಅದನ್ನೇ ಕೇಳಿದಳು. ನಡೆಯಲು ನಾನು ನಾಲ್ಕು ಸಲ ಶುರು ಮಾಡಿ ನಾಲ್ಕು ಸಲವೂ ಬಿಟ್ಟಿದ್ದೆ. ನನ್ನಂಥವನಿಗೆ ಪರೀಕ್ಷೆಯ ದಿನಾಂಕ ಗೊತ್ತಾಗದೆ ಪುಸ್ತಕ ತೆರೆಯುವ ಅಭ್ಯಾಸವಿಲ್ಲ. ಆಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಒಂಬತ್ತನೇ ತರಗತಿಯಲ್ಲಿ ನನ್ನಿಂದ ಬಹಳ ಬೈಸಿಕೊಂಡ ಹುಡುಗ, ಈಗ ಈಜುಕೊಳದಲ್ಲಿ ತರಬೇತುದಾರ. ಅವನೇ ಹೇಳಿದ, 'ಸರ್, ಮುಂದಿನ ಚಳಿಗಾಲ ಕಳೆಯುವುದರೊಳಗೆ ನಮ್ಮ ಕರಾವಳಿಯಲ್ಲೇ ಒಂದು ಸಣ್ಣ ಟ್ರಯಥ್ಲಾನ್ ನಡೆಯುವುದುಂಟು. ಒಂದು ವರ್ಷ ಸಮಯ ಇದೆ. ಹೆಸರು ಕೊಡಿ.'

ಈ ಸ್ಪರ್ಧೆ ಬಹಳ ಹಳೆಯದಲ್ಲ. 1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಮಿಷನ್ ಬೇ ಎಂಬಲ್ಲಿ ಒಂದು ಓಟಗಾರರ ಸಂಘದವರು ಬೇಸರ ಕಳೆಯಲೆಂದು ಮೂರನ್ನೂ ಸೇರಿಸಿ ಒಂದು ಸ್ಪರ್ಧೆ ಮಾಡಿದರು. ಮುಂದೆ ಹವಾಯಿಯಲ್ಲಿ ಈಜುಗಾರ ಹೆಚ್ಚೋ, ಸೈಕಲ್ ಸವಾರ ಹೆಚ್ಚೋ, ಓಟಗಾರ ಹೆಚ್ಚೋ ಎಂಬ ವಾದ ಎದ್ದಾಗ ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿ ಮೂರನ್ನೂ ಒಂದೇ ದಿನ ಮಾಡಿ ನೋಡೋಣ ಎಂದರು. ಸುಮಾರು 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಕೊನೆಗೆ 42 ಕಿ.ಮೀ. ಮ್ಯಾರಥಾನ್. 1978ರಲ್ಲಿ ಹದಿನೈದು ಜನ ಹೊರಟು ಹನ್ನೆರಡು ಜನ ಮುಗಿಸಿದರು. ಐರನ್‌ಮ್ಯಾನ್ ಎಂದು ಪತ್ರಿಕೆಗಳಲ್ಲಿ ಓದುತ್ತೀರಲ್ಲ, ಅದು ಇದೇ. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಟ್ರಯಥ್ಲಾನ್ ಸೇರಿತು, ಅಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಅದರ ಅರ್ಧಕ್ಕೆ ಸ್ಪ್ರಿಂಟ್ ಎಂದು ಹೆಸರು: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ನಾನು ಹೆಸರು ಕೊಟ್ಟದ್ದು ಈ ಅರ್ಧಕ್ಕೆ. ನಟ ಮಿಲಿಂದ್ ಸೋಮನ್ 2015ರಲ್ಲಿ ಐವತ್ತರ ಹೊಸ್ತಿಲಲ್ಲಿ ಪೂರ್ತಿ ಐರನ್‌ಮ್ಯಾನ್ ಮುಗಿಸಿದ್ದನ್ನು ಓದಿ ನಾನೂ ಹುರುಪುಗೊಂಡಿದ್ದೆ. ಆದರೆ ನನಗೆ ಹೆಚ್ಚು ಧೈರ್ಯ ಕೊಟ್ಟದ್ದು ಮೆಡೋನಾ ಬುಡರ್ ಎಂಬ ಅಮೆರಿಕದ ಕ್ರೈಸ್ತ ಸನ್ಯಾಸಿನಿ. ಅವರು ಓಡಲು ಶುರು ಮಾಡಿದ್ದೇ 48ನೇ ವಯಸ್ಸಿನಲ್ಲಿ. 2012ರಲ್ಲಿ 82ನೇ ವಯಸ್ಸಿನಲ್ಲಿ ಪೂರ್ತಿ ಐರನ್‌ಮ್ಯಾನ್ ಮುಗಿಸಿದರು. ಅವರ ಎದುರು ನನ್ನ ನಲವತ್ತೇಳು ಯಾವ ನೆಪ?

ಹೆಸರು ಕೊಡುವ ಮೊದಲು ಒಂದು ಕೆಲಸ ಮಾಡಿದೆ. ಇದನ್ನು ನಲವತ್ತು ದಾಟಿದ ಸದಸ್ಯರು ಗಮನವಿಟ್ಟು ಕೇಳಬೇಕು. ಅಮೆರಿಕದಲ್ಲಿ 1985ರಿಂದ 2016ರವರೆಗೆ ಟ್ರಯಥ್ಲಾನ್‌ಗಳಲ್ಲಿ ಆದ ಸಾವು ಮತ್ತು ಹೃದಯ ಸ್ತಂಭನಗಳನ್ನು ಒಟ್ಟು ಹಾಕಿ 2017ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಒಟ್ಟು 135 ಪ್ರಕರಣ. ಸ್ಪರ್ಧಿಸಿದವರ ಸಂಖ್ಯೆಗೆ ಹೋಲಿಸಿದರೆ ಲಕ್ಷಕ್ಕೆ ಎರಡೂ ಇಲ್ಲ. ಆದರೆ ಅವುಗಳಲ್ಲಿ 90 ಆದದ್ದು ನೀರಿನಲ್ಲಿ. ನೂರಕ್ಕೆ 85 ಜನ ಗಂಡಸರು. ಸರಾಸರಿ ವಯಸ್ಸು ಸುಮಾರು 47. ನನ್ನ ವಯಸ್ಸೂ ಆಗ 47. ಆದ್ದರಿಂದ ಮೊದಲು ಹೃದಯದ ಎಕೋ ಮಾಡಿಸಿದೆ, ಓಡುವ ಪಟ್ಟಿಯ ಮೇಲೆ ನಡೆಸಿ ನೋಡುವ ಟಿ.ಎಂ.ಟಿ. ಪರೀಕ್ಷೆಯನ್ನೂ ಮಾಡಿಸಿದೆ. ವೈದ್ಯರು 'ಹೂಂ' ಎಂದ ಮೇಲೆಯೇ ಶೂ ಕೊಂಡದ್ದು. ಗೆಳೆಯನೊಬ್ಬ ಓಡುತ್ತಾನೆಂದು ನೀವೂ ನಾಳೆ ಬೆಳಿಗ್ಗೆ ಎದ್ದು ಓಡಬೇಡಿ. ನಮ್ಮ ಮನೆಗಳಲ್ಲಿ ಎಷ್ಟು ಜನ ಗಂಡಸರು ಸಣ್ಣ ವಯಸ್ಸಿನಲ್ಲೇ ಎದೆನೋವಿನಿಂದ ಹೋಗಿದ್ದಾರೆಂದು ಒಮ್ಮೆ ಬೆರಳು ಮಡಚಿ ಎಣಿಸಿ ನೋಡಿ.

ಇನ್ನು ನೀರಿನ ವಿಷಯ. ನಾನು ನೇತ್ರಾವತಿಯ ದಂಡೆಯಲ್ಲಿ ಹುಟ್ಟಿ ಬೆಳೆದವನು. ಆದರೆ ನಲವತ್ತೇಳು ವರ್ಷದವರೆಗೆ ಈಜು ಗೊತ್ತಿರಲಿಲ್ಲ. 1986ರ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗ, ನನ್ನದೇ ತರಗತಿಯವನು, ಹೊಳೆಯಲ್ಲಿ ತೇಲಿಬಂದ ತೆಂಗಿನಕಾಯಿ ಹಿಡಿಯಲು ಹೋಗಿ ಮುಳುಗಿದ. ಎರಡು ದಿನದ ನಂತರ ಸಿಕ್ಕಿದ. ಆವತ್ತಿನಿಂದ ಉಮ್ಮ ನಮ್ಮನ್ನು ಹೊಳೆಬದಿಗೆ ಬಿಡಲಿಲ್ಲ. ಮಕ್ಕಳಿಗೆ ಈಜು ಕಲಿಸಿ ಎಂಬುದು ನಮ್ಮ ಹಿರಿಯರಿಂದ ಕೇಳುತ್ತಾ ಬಂದ ಮಾತು. ಆದರೆ ಹುಡುಗನೊಬ್ಬ ಮುಳುಗಿದರೆ ನಾವು ಉಳಿದ ಮಕ್ಕಳಿಗೆ ಈಜು ಕಲಿಸುವುದಿಲ್ಲ, ನೀರಿನಿಂದ ದೂರ ಇಡುತ್ತೇವೆ. ಹೊಳೆ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಇದರಲ್ಲಿ ಉಮ್ಮನ ತಪ್ಪಿಲ್ಲ, ಕಲಿಸುವವರು ಯಾರಿದ್ದರು?

2023ರ ಅಕ್ಟೋಬರಿನಲ್ಲಿ ಈಜುಕೊಳಕ್ಕೆ ಇಳಿದೆ. ಫಜ್ರ್ ನಮಾಜು ಮುಗಿಸಿ ಆರು ಗಂಟೆಗೆ. ನನ್ನ ಜೊತೆಯ ತಂಡದಲ್ಲಿ ಎಂಟು ವರ್ಷದ ಮಕ್ಕಳು. ನಮ್ಮ ಶಾಲೆಯ ಐದನೆಯ ತರಗತಿಯ ಹುಡುಗನೊಬ್ಬ ನನ್ನನ್ನು ನೋಡಿ ನೀರಿನಲ್ಲೇ 'ನಮಸ್ತೇ ಸರ್' ಎಂದು ನೀರು ಕುಡಿದ. ಮೊಣಕಾಲು ಮುಚ್ಚುವ ಈಜು ಉಡುಪು ಸಿಗುತ್ತದೆ. ಅದು ತಿಳಿಯದೆ ಎಷ್ಟೋ ಜನ ಸಂಕೋಚದಿಂದಲೇ ದೂರ ಉಳಿದಿದ್ದಾರೆ, ಅದಕ್ಕೆ ಹೇಳಿದೆ.

ಮೊದಲ ಹದಿನೈದು ದಿನ ನಾನು ನೀರನ್ನು ಹೊಡೆದೆ, ನೀರು ನನ್ನನ್ನು ಹೊಡೆಯಿತು. ಇಪ್ಪತ್ತೈದು ಮೀಟರ್ ಹೋಗುವುದರೊಳಗೆ ಏದುಸಿರು. ನಾನು ಇಪ್ಪತ್ತು ವರ್ಷದಿಂದ ಆರ್ಕಿಮಿಡೀಸನ ತತ್ವ ಪಾಠ ಮಾಡುವವನು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ ಎಂದು ಕರಿಹಲಗೆಯ ಮೇಲೆ ಬರೆಯುವವನು. ಅಷ್ಟು ದಟ್ಟವಾದ ವಸ್ತುವಿನೊಳಗೆ ಬಲ ಹೆಚ್ಚು ಹಾಕಿದಷ್ಟೂ ತಡೆ ಹೆಚ್ಚುತ್ತದೆ, ಮೈ ನೆಟ್ಟಗೆ ಮಟ್ಟಸವಾಗಿ ಮಲಗಿದರೆ ಮಾತ್ರ ಜಾರುತ್ತದೆ ಎಂಬುದು ಪುಸ್ತಕದಲ್ಲಿತ್ತು, ಮೈಯಲ್ಲಿರಲಿಲ್ಲ. ಶ್ವಾಸಕೋಶದಲ್ಲಿ ಗಾಳಿ ಇರುವುದರಿಂದ ಎದೆ ತೇಲುತ್ತದೆ, ಕಾಲು ಮುಳುಗುತ್ತದೆ. ತಲೆ ಎತ್ತಿದಷ್ಟೂ ಕಾಲು ಇನ್ನಷ್ಟು ಕೆಳಗೆ. ಹೆದರಿದವನು ಮಾಡುವುದು ಅದನ್ನೇ, ತಲೆ ಎತ್ತುವುದು. ಹುಡುಗ ಒಂದು ದಿನ ನನ್ನನ್ನು ದಂಡೆಯಲ್ಲಿ ಕೂರಿಸಿ ಹೇಳಿದ, 'ಸರ್, ನೀವು ಉಸಿರು ಎಳೆದುಕೊಳ್ಳುವುದನ್ನು ಮಾತ್ರ ನೆನಪಿಡ್ತೀರಿ, ಬಿಡುವುದನ್ನು ಮರೀತೀರಿ. ಮುಖ ನೀರೊಳಗೆ ಇರುವಾಗ ಬಿಟ್ಟುಬಿಡಿ. ಒಳಗೆ ಜಾಗ ಇದ್ದರೆ ಗಾಳಿ ತಾನಾಗಿ ಬರ್ತದೆ.' ಉಸಿರು ಕಟ್ಟಿದಾಗ ನಮಗೆ ಸಂಕಟವಾಗುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾಗಿ ಅಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ. ಅದನ್ನೂ ನಾನೇ ಅವನಿಗೆ ಕಲಿಸಿದ್ದಿರಬೇಕು. ಒಂದು ವಾರ ಏನೂ ಈಜದೆ, ಕೊಳದ ಅಂಚು ಹಿಡಿದು ಮುಖ ಮುಳುಗಿಸಿ ಗುಳ್ಳೆ ಬಿಟ್ಟೆ. ಆ ಮೇಲೆ ಬಾಗಿಲು ತೆರೆದಂತಾಯಿತು. ಜನವರಿಯ ಹೊತ್ತಿಗೆ ನಿಲ್ಲದೆ 400 ಮೀಟರ್.

ಓಟದಲ್ಲಿ ನನ್ನ ಅವಸರ ನನಗೆ ಮುಳುವಾಯಿತು. ಸರಿಯಾದ ಕ್ರಮ ಬಹಳ ಸಪ್ಪೆಯಾದದ್ದು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ. ಓಡುತ್ತಾ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತನಾಡಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ವಾರದಿಂದ ವಾರಕ್ಕೆ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಏರಿಸಬಾರದೆಂದು ತಿಳಿದವರು ಹೇಳುತ್ತಾರೆ. ನಾನು ಆರನೇ ವಾರದಲ್ಲಿ ಮೈ ಹಗುರಾಯಿತೆಂದು ಒಂದೇ ದಿನ ಎಂಟು ಕಿ.ಮೀ. ಓಡಿದೆ. ಮರುದಿನ ಹಾಸಿಗೆಯಿಂದ ಇಳಿದು ಹಿಮ್ಮಡಿ ಊರಿದಾಗ ಮೊಳೆ ತುಳಿದಂತಾಯಿತು. ಮೂರು ವಾರ ಓಟ ಬಂದ್. ನಡುವಯಸ್ಸಿನ ಮೈ ಹೇಗೆಂದರೆ, ಹೃದಯ ಮತ್ತು ಉಸಿರು ಬೇಗ ಕಲಿಯುತ್ತವೆ. ಸ್ನಾಯುಬಂಧ, ಕೀಲುಗಳು ಬಹಳ ನಿಧಾನ. ಉತ್ಸಾಹಕ್ಕೆ ಎರಡು ತಿಂಗಳು ಸಾಕು, ಹಿಮ್ಮಡಿಗೆ ಆರು ತಿಂಗಳು ಬೇಕು. ಆ ಮೂರು ವಾರದಲ್ಲಿ ಈಜು ಸುಧಾರಿಸಿತು ಎಂಬುದೇ ಈ ಮೂರು ಆಟಗಳ ಜೋಡಣೆಯ ಉಪಕಾರ. ಒಂದು ಮುನಿಸಿಕೊಂಡರೆ ಇನ್ನೊಂದು ಕೈ ಹಿಡಿಯುತ್ತದೆ.

ಸೈಕಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹದಿನಾಲ್ಕು ಸಾವಿರ ರೂಪಾಯಿಗೆ ಗೇರಿರುವ ಹಳೆಯ ಸೈಕಲ್ ಕೊಂಡೆ. ಲಕ್ಷದ ಸೈಕಲ್ ಬೇಕೆಂದು ಹೇಳುವವರ ಮಾತು ಕೇಳಬೇಡಿ. ಹೆಲ್ಮೆಟ್ ಮಾತ್ರ ಹೊಸದು, ಒಳ್ಳೆಯದು. 66ನೇ ಹೆದ್ದಾರಿಗೆ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸುಗಳು ಏಳುವ ಮೊದಲು ಒಳರಸ್ತೆಗಳಲ್ಲೇ ತುಳಿದೆ. ಬುಧವಾರ ಶಾಲೆಗೂ ಅದರಲ್ಲೇ. 2024ರ ಮಳೆಗಾಲದಲ್ಲಿ ಹಿಂದಿನ ಚಕ್ರವನ್ನು ಒಂದು ಸ್ಟ್ಯಾಂಡಿಗೆ ಕಟ್ಟಿ ಮನೆಯ ಹಜಾರದಲ್ಲೇ ತುಳಿಯುತ್ತಿದ್ದೆ. ಉಮ್ಮ ತಸ್ಬೀಹ್ ಹಿಡಿದುಕೊಂಡು ಅರ್ಧ ಗಂಟೆ ನೋಡಿ, 'ಇಷ್ಟು ತುಳಿದೂ ಗೋಡೆ ದಾಟಲಿಲ್ಲವಲ್ಲ ಮಗಾ' ಎಂದರು.

ಒಂದು ವಿಚಿತ್ರ ಮಾತ್ರ ಹೇಳಲೇಬೇಕು. ಒಂದು ಗಂಟೆ ಸೈಕಲ್ ತುಳಿದು ಇಳಿದು ಓಡಲು ಹೋದರೆ ಕಾಲು ನಮ್ಮದಲ್ಲ. ಮರದ ಕೊರಡು ಕಟ್ಟಿಕೊಂಡಂತೆ ಇರುತ್ತದೆ. ತುಳಿಯುವಾಗಿನ ಲಯದಿಂದ ಓಡುವ ಲಯಕ್ಕೆ ಸ್ನಾಯುಗಳು ಹೊರಳಲು ಕೆಲವು ನಿಮಿಷ ಬೇಕು. ಅದಕ್ಕೆ ಭಾನುವಾರ ಸೈಕಲ್ ಮುಗಿದ ಕೂಡಲೇ ಹತ್ತು ನಿಮಿಷವಾದರೂ ಓಡಿ ಅಭ್ಯಾಸ ಮಾಡಬೇಕು. ಇದನ್ನು ಬಿಟ್ಟವರು ಸ್ಪರ್ಧೆಯ ದಿನ ಅಳುತ್ತಾರೆ.

ವಾರಕ್ಕೆ ಒಟ್ಟು ಐದು ಗಂಟೆ, ಹೆಚ್ಚೆಂದರೆ ಆರು. ಶುಕ್ರವಾರ ಪೂರ್ತಿ ವಿಶ್ರಾಂತಿ. ಮೂವತ್ತು ದಾಟಿದ ಮೇಲೆ ಸುಮ್ಮನೆ ಕೂತವರ ಮೈ ಆಮ್ಲಜನಕ ಬಳಸಿಕೊಳ್ಳುವ ಶಕ್ತಿ ಹತ್ತು ವರ್ಷಕ್ಕೆ ಸುಮಾರು ಹತ್ತನೆಯ ಒಂದು ಪಾಲು ಇಳಿಯುತ್ತದೆ. ಅಭ್ಯಾಸ ಇಟ್ಟುಕೊಂಡವರಲ್ಲಿ ಆ ಇಳಿತ ನಿಧಾನ. ಆದರೆ ದಣಿವು ಆರಲು ಹುಡುಗರಿಗಿಂತ ಹೆಚ್ಚು ಸಮಯ ಬೇಕು. ನಿದ್ದೆ ಬಿಟ್ಟು ಅಭ್ಯಾಸ ಮಾಡಿದರೆ ಪ್ರಯೋಜನವಿಲ್ಲ. ರಾತ್ರಿ ಹತ್ತಕ್ಕೆ ಮಲಗಲು ಶುರು ಮಾಡಿದ್ದರಿಂದ ಕೆಲವು ಮದುವೆಯ ಔತಣಗಳು ತಪ್ಪಿದವು. ಅದೂ ಚಿಕಿತ್ಸೆಯ ಭಾಗವೇ.

ರಮಳಾನಿನಲ್ಲಿ ಏನು ಮಾಡಿದಿರಿ ಎಂದು ಎಲ್ಲರೂ ಕೇಳುತ್ತಾರೆ. 2024ರಲ್ಲಿ ಉಪವಾಸ ಬಂದದ್ದು ಮಾರ್ಚ್ ಏಪ್ರಿಲಿನ ಬೇಗೆಯಲ್ಲಿ. ಆ ತಿಂಗಳು ನಾನು ಏನನ್ನೂ ಹೆಚ್ಚಿಸಲು ಹೋಗಲಿಲ್ಲ, ಇದ್ದದ್ದನ್ನು ಉಳಿಸಿಕೊಂಡೆ. ಇಫ್ತಾರಿಗೆ ಮುಕ್ಕಾಲು ಗಂಟೆ ಮೊದಲು ಮೆಲ್ಲಗೆ ನಡಿಗೆ. ಮುಗಿದ ಕೂಡಲೇ ನೀರು ಸಿಗುತ್ತದೆ. ವಾರಕ್ಕೆ ಎರಡು ರಾತ್ರಿ ತರಾವೀಹ್ ನಂತರ ಹಜಾರದ ಸೈಕಲ್. ಬಿಸಿಲಿಗೆ ಹೋಗಲೇ ಇಲ್ಲ. ಸಮೋಸ ಎರಡರಿಂದ ಒಂದಕ್ಕೆ ಇಳಿಯಿತು. ಸಹರಿಗೆ ಕುಚ್ಚಲಕ್ಕಿ ಗಂಜಿ, ಮೊಟ್ಟೆ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ಮಾತ್ರ ನನ್ನನ್ನು ನೋಡಿ ಏನೂ ಮಾಡಬಾರದು, ಮೊದಲೇ ವೈದ್ಯರನ್ನು ಕೇಳಬೇಕು.

ಈಗ ಕಡಲಿನ ಮಾತಿಗೆ ಬರುತ್ತೇನೆ. ಕೊಳದಲ್ಲಿ 400 ಮೀಟರ್ ಆದ ಮೇಲೆ, ಆ ರಮಳಾನಿಗೆ ಮೊದಲು, ಫೆಬ್ರವರಿಯ ಒಂದು ಬೆಳಿಗ್ಗೆ ಹುಡುಗನ ಜೊತೆ ಸಮುದ್ರಕ್ಕೆ ಇಳಿದೆ. ಅಲೆ ಇರಲಿಲ್ಲ. ನೂರು ಮೀಟರ್ ಹೋಗಿರಬೇಕು. ಕೊಳದಲ್ಲಿ ಕೆಳಗೆ ನೀಲಿ ಗೆರೆ ಕಾಣುತ್ತದೆ; ಇಲ್ಲಿ ಕೆಳಗೆ ನೋಡಿದರೆ ಹಸಿರು, ಆಮೇಲೆ ಕಪ್ಪು. ಕಾಲಿಗೆ ಏನೋ ತಾಗಿದಂತಾಯಿತು. ಏನೂ ಇರಲಿಲ್ಲವೇನೋ. ಆದರೆ ನನಗೆ 1986ರ ಹೊಳೆಬದಿ ನೆನಪಾಯಿತು. ಎರಡು ದಿನದ ಮೇಲೆ ಸಿಕ್ಕ ಆ ಹುಡುಗನನ್ನು ಚಾಪೆಯ ಮೇಲೆ ಮಲಗಿಸಿದ್ದನ್ನು ನಾನು ನೋಡಿದ್ದೆ. ಕೈಕಾಲು ಬಡಿದೆ, ತಲೆ ಎತ್ತಿದೆ, ಉಪ್ಪುನೀರು ಕುಡಿದೆ. ಹುಡುಗ ಹಿಡಿಯಲು ಬಂದರೆ ಅವನನ್ನೇ ಅದುಮಿದೆ. ಬಲೆ ಎಳೆದು ಮರಳುತ್ತಿದ್ದ ನಾಡದೋಣಿಯೊಂದು ಹತ್ತಿರವಿತ್ತು. ಅದರಲ್ಲಿದ್ದ ಮೊಗವೀರರೊಬ್ಬರು ಹುಟ್ಟನ್ನು ನನ್ನ ಕೈಗೆ ಕೊಟ್ಟರು. ಅವರ ಮಗಳು ನನ್ನ ಶಾಲೆಯಲ್ಲಿ ಓದಿದವಳು. ದೋಣಿಯ ಅಂಚು ಹಿಡಿದು ನಾನು ಕೆಮ್ಮುತ್ತಿರುವಾಗ ಅವರು ನಗಲಿಲ್ಲ. 'ಮಾಸ್ಟ್ರೇ, ಸಮುದ್ರದ ಹತ್ರ ಜಗಳ ಮಾಡ್ಬೇಡಿ ಮಾರಾಯ್ರೆ. ಅಂಗಾತ ಮಲಗಿಬಿಡಿ. ಅದೇ ಎತ್ತಿ ಹಿಡೀತದೆ' ಎಂದರು. ಉಪ್ಪುನೀರಿನ ಸಾಂದ್ರತೆ ಹೆಚ್ಚು, ಅದರಲ್ಲಿ ತೇಲುವುದು ಸುಲಭ ಎಂದು ನಾನು ಅವರ ಮಗಳಿಗೆ ಎರಡು ಅಂಕದ ಪ್ರಶ್ನೆಯಾಗಿ ಕೊಟ್ಟಿದ್ದೆ.

ಆ ದಿನ ಮನೆಗೆ ಬಂದು ಹೆಸರು ಹಿಂದೆ ತೆಗೆಯಲು ನಿರ್ಧರಿಸಿದೆ. ಯಾರಿಗೂ ಹೇಳಲಿಲ್ಲ. ಈಜುಕೊಳಕ್ಕೂ ಹನ್ನೆರಡು ದಿನ ಹೋಗಲಿಲ್ಲ. ಹದಿಮೂರನೆಯ ದಿನ ಹುಡುಗ ಮನೆಗೇ ಬಂದ. ನನಗೆ ಬುದ್ಧಿ ಹೇಳಲಿಲ್ಲ. ಹೊರಗಿನ ಜಗಲಿಯಲ್ಲಿ ಕೂತು ಚಹಾ ಕುಡಿದು, 'ಸರ್, ಒಂಬತ್ತನೇ ಕ್ಲಾಸಿನಲ್ಲಿ ನಾನು ಅರ್ಧವಾರ್ಷಿಕದಲ್ಲಿ ಹನ್ನೊಂದು ಅಂಕ ತೆಗೆದಾಗ ನೀವು ನನ್ನ ಮನೆಗೆ ಬಂದಿದ್ದಿರಿ' ಎಂದ. ನನಗೆ ಅದು ನೆನಪಿರಲಿಲ್ಲ. ಅವನಿಗೆ ನೆನಪಿತ್ತು. ಮರುದಿನ ಕೊಳಕ್ಕೆ ಹೋದೆ.

ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ, ನವೆಂಬರಿನಲ್ಲಿ, ಮತ್ತೆ ಸಮುದ್ರ. ಈ ಸಲ ಮೊದಲ ಮೂರು ದಿನ ಈಜಲಿಲ್ಲ. ಎದೆಮಟ್ಟದ ನೀರಿನಲ್ಲಿ ಅಂಗಾತ ತೇಲುವುದಷ್ಟೇ ಕೆಲಸ. ಆಮೇಲೆ ದಂಡೆಗೆ ಸಮಾನಾಂತರವಾಗಿ ಐವತ್ತು ಮೀಟರ್, ನೂರು ಮೀಟರ್. ಕಡಲಲ್ಲಿ ಗೆರೆ ಇಲ್ಲದಿರುವುದರಿಂದ ಆರೆಂಟು ಸಲ ಕೈ ಬೀಸಿದ ಮೇಲೆ ಒಮ್ಮೆ ಮೊಸಳೆಯಂತೆ ಕಣ್ಣು ಮಾತ್ರ ಮೇಲೆತ್ತಿ ಗುರುತು ನೋಡಬೇಕು. ನನ್ನ ಗುರುತು ಎರಡು ಜೋಡಿ ತೆಂಗಿನಮರ. ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ: ನಮ್ಮ ಕಡಲಲ್ಲಿ ದಂಡೆಯಿಂದ ಹೊರಕ್ಕೆ ಎಳೆಯುವ ಸೆಳೆತಗಳಿವೆ, ನೇತ್ರಾವತಿ ಮತ್ತು ಫಲ್ಗುಣಿ ಸಮುದ್ರ ಸೇರುವ ಅಳಿವೆಯಲ್ಲಂತೂ ಆಟವೇ ಬೇಡ. ಸೆಳೆತಕ್ಕೆ ಸಿಕ್ಕಿದರೆ ಅದರ ಎದುರು ದಂಡೆಗೆ ಈಜಲು ಹೋಗಬಾರದು. ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬಂದು ಆಮೇಲೆ ದಂಡೆಗೆ. ಒಬ್ಬರೇ ಇಳಿಯಲೇಬಾರದು. ಜೂನಿನಿಂದ ಸೆಪ್ಟೆಂಬರಿನವರೆಗೆ ಯಾರ ಜೊತೆಗೂ ಇಳಿಯಬಾರದು.

2025ರ ಜನವರಿಯ ಒಂದು ಭಾನುವಾರ ಸ್ಪರ್ಧೆ. ಮೊದಲಿನ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎರಡು ಬಾಳೆಹಣ್ಣು, ಸ್ವಲ್ಪ ಗಂಜಿ. ಸೀಟಿ ಊದಿದಾಗ ಹುಡುಗರೆಲ್ಲ ಮುಂದೆ ಧುಮುಕಿದರು. ನಾನು ಬೇಕೆಂದೇ ಒಂದು ನಿಮಿಷ ತಡೆದು ಕೊನೆಯಲ್ಲಿ ಇಳಿದೆ. ಯಾರ ಕಾಲೂ ಮುಖಕ್ಕೆ ಬಡಿಯದಿರಲೆಂದು. ಮೊದಲ ಬುರುಡೆ ದಾಟುವ ಹೊತ್ತಿಗೆ ಹಳೆಯ ಭಯ ಎದೆಗೆ ಬಂತು. ಬಂದೇ ಬರುತ್ತದೆಂದು ಗೊತ್ತಿತ್ತು. ಈ ಸ್ಪರ್ಧೆಯಲ್ಲಿ ಒಂದು ಒಳ್ಳೆಯ ನಿಯಮವಿದೆ. ದಣಿದವರು ಕಾವಲಿಗಿರುವ ದೋಣಿಯನ್ನು ಹಿಡಿದುಕೊಂಡು ವಿಶ್ರಮಿಸಬಹುದು. ದೋಣಿಯಿಂದ ಮುಂದಕ್ಕೆ ಎಳೆಸಿಕೊಳ್ಳಬಾರದು ಅಷ್ಟೇ, ಸ್ಪರ್ಧೆಯಿಂದ ಹೊರಹಾಕುವುದಿಲ್ಲ. ನಾನು ಎರಡು ಸಲ ಹಿಡಿದೆ. ಒಂದು ಸಲ ಅಂಗಾತ ಮಲಗಿ ಆಕಾಶ ನೋಡಿ ಇಪ್ಪತ್ತು ಉಸಿರು ಎಣಿಸಿದೆ. 27 ನಿಮಿಷಕ್ಕೆ ದಂಡೆ ಸಿಕ್ಕಿತು. ಮರಳು ಕಾಲಿಗೆ ತಾಗಿದಾಗ ಬಾಯಿಂದ ತಾನಾಗಿ ಅಲ್‌ಹಂದುಲಿಲ್ಲಾಹ್ ಬಂತು.

ಉಡುಪು, ಶೂ, ಹೆಲ್ಮೆಟ್ ಎಂದು 5 ನಿಮಿಷ ಹೋಯಿತು. ಹುಡುಗರು ಇದನ್ನು ಒಂದು ನಿಮಿಷದಲ್ಲಿ ಮುಗಿಸುತ್ತಾರೆ. ಅಲ್ಲೂ ಒಂದು ನಿಯಮ, ಹೆಲ್ಮೆಟಿನ ಪಟ್ಟಿ ಬಿಗಿಯದೆ ಸೈಕಲ್ ಮುಟ್ಟುವ ಹಾಗಿಲ್ಲ. ಇಪ್ಪತ್ತು ಕಿ.ಮೀ. ಸೈಕಲ್ 52 ನಿಮಿಷ. ಸೈಕಲ್ ಇಟ್ಟು ಹೊರಡಲು 3 ನಿಮಿಷ. ಓಟದಲ್ಲಿ ಬಿಸಿಲು ಏರಿತ್ತು, ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ. ಪ್ರತಿ ನೀರಿನ ಮೇಜಿನ ಬಳಿ ನಡೆದೆ, ಬಾಯಾರಿದಷ್ಟೇ ಕುಡಿದೆ. ಹೆಚ್ಚು ಕುಡಿದರೆ ರಕ್ತದ ಉಪ್ಪಿನಂಶ ತೆಳುವಾಗಿ ಅದೂ ಅಪಾಯ. ಐದು ಕಿ.ಮೀ.ಗೆ 38 ನಿಮಿಷ. ಒಟ್ಟು 2 ಗಂಟೆ 5 ನಿಮಿಷ. ಕೊನೆಯಿಂದ ಹನ್ನೊಂದನೆಯವನು.

ಕೊನೆಯ ಇನ್ನೂರು ಮೀಟರಿನಲ್ಲಿ ಹಗ್ಗದ ಹೊರಗಿನಿಂದ ಯಾರೋ ನನ್ನ ಜೊತೆ ಓಡುತ್ತಿದ್ದರು. ನೋಡಿದರೆ ಅಣ್ಣನ ಮಗ. ಇಪ್ಪತ್ತಮೂರರ ಹುಡುಗ, ಆಗ ವೀಸಾಕ್ಕೆ ಕಾಯುತ್ತಿದ್ದ. ಅತ್ತಿಗೆಯೂ ಬಂದಿದ್ದರು, ದೂರದಲ್ಲಿ ಕೊಡೆ ಹಿಡಿದು ನಿಂತಿದ್ದರು. ಹುಡುಗ ಚಪ್ಪಲಿಯಲ್ಲಿ ಓಡಿ ನನಗಿಂತ ಹೆಚ್ಚು ಏದುತ್ತಿದ್ದ. ಅವನು ಈಗ ಅಪ್ಪ ಇದ್ದ ದೇಶದಲ್ಲೇ ಇದ್ದಾನೆ. ಹೋಗುವ ಮೊದಲು ಅವನ ರಕ್ತ ಪರೀಕ್ಷೆ ಮಾಡಿಸಿದೆವು. ವಾರಕ್ಕೆ ಮೂರು ದಿನ ಓಡಿ ನನಗೆ ಸಂದೇಶ ಕಳಿಸುತ್ತಾನೆ. ನಾಲ್ಕನೆಯ ದಿನ ಸುಳ್ಳು ಕಳಿಸುತ್ತಾನೆಂದು ನನ್ನ ಅನುಮಾನ.

ಸ್ಪರ್ಧೆಯ ಮರುತಿಂಗಳು ಪರೀಕ್ಷಿಸಿದಾಗ ಎಚ್‌ಬಿಎ1ಸಿ 5.7, ತೂಕ 75. ಇನ್ನೂ ಗಡಿಯ ಕಲ್ಲಿನ ಮೇಲೆಯೇ ಕೂತಿದ್ದೇನೆ, ಆದರೆ ಮುಖ ಈಚೆ ಕಡೆಗಿದೆ. ಮೂರು ತಿಂಗಳು ಬಿಟ್ಟರೆ ಏನಾಗುತ್ತದೆಂದು ವೈದ್ಯರು ಹೇಳಿದ್ದಾರೆ, ಅದನ್ನು ಇಲ್ಲಿ ಹೇಳುವುದಿಲ್ಲ.

ಇನ್ನೊಂದು ಮಾತಿದೆ, ಅದು ಈ ಸಂಘಕ್ಕೆ. ಇದನ್ನು ದೂರು ಎಂದುಕೊಂಡರೂ ಬೇಸರವಿಲ್ಲ. ನಮ್ಮ ವಾರ್ಷಿಕ ಕ್ರೀಡಾಕೂಟದಲ್ಲಿ ನಾನು ಕಂಡ ಕಾಲದಿಂದ ಗಂಡಸರಿಗೆ ಹಗ್ಗಜಗ್ಗಾಟ, ಮಹಿಳೆಯರಿಗೆ ಲಿಂಬೆ ಚಮಚ ಮತ್ತು ಸಂಗೀತ ಕುರ್ಚಿ. ಮಧ್ಯಾಹ್ನ ಬಿರಿಯಾನಿ. ಆ ಕ್ರೀಡೆಯಿಂದ ಯಾರ ಆರೋಗ್ಯವೂ ಸುಧಾರಿಸಿದಂತಿಲ್ಲ. ನಾನು ಸ್ಪರ್ಧೆ ಮುಗಿಸಿ ಮನೆಗೆ ಬಂದ ದಿನ ಹತ್ತನೇ ತರಗತಿಯಲ್ಲಿರುವ ನನ್ನ ಮಗಳು ಪದಕ ಕೈಯಲ್ಲಿ ಹಿಡಿದು ತೂಗಿ ನೋಡಿ ಕೇಳಿದಳು, 'ಅಬ್ಬಾ, ನಾನು ಎಲ್ಲಿ ಕಲಿಯಬೇಕು?' ನನ್ನ ಬಳಿ ಉತ್ತರವಿರಲಿಲ್ಲ. ನಾನು ಹೋಗುವ ಕೊಳದಲ್ಲಿ ಮಹಿಳಾ ತರಬೇತುದಾರರಿರಲಿಲ್ಲ, ಹೆಣ್ಣುಮಕ್ಕಳಿಗೇ ಮೀಸಲಾದ ಹೊತ್ತೂ ಇರಲಿಲ್ಲ. ವಿಚಾರಿಸಿದೆ. ಇಪ್ಪತ್ತು ಜನರ ತಂಡ ಆದರೆ ಶನಿವಾರ ಮತ್ತು ಭಾನುವಾರ ಮಧ್ಯಾಹ್ನ ಒಂದೊಂದು ಗಂಟೆ ಬಿಟ್ಟುಕೊಡುತ್ತಾರಂತೆ, ತರಬೇತುದಾರ್ತಿಯನ್ನು ನಾವೇ ಹುಡುಕಬೇಕು. ಒಬ್ಬರು ಸಿಕ್ಕಿದ್ದಾರೆ. ಅರ್ಜಿಗೆ ಇದುವರೆಗೆ ಹದಿನಾಲ್ಕು ಹೆಸರು ಬಂದಿದೆ. ಅದರಲ್ಲಿ ಮೊದಲನೆಯದು ನನ್ನ ಅತ್ತಿಗೆಯದು. ಅವರಿಗೆ ನಲವತ್ತಾರು.

ಅರ್ಜಿಯ ಹಾಳೆ ಬಾಗಿಲ ಬಳಿ, ವಿದ್ಯಾರ್ಥಿವೇತನದ ಮೇಜಿನ ಮೇಲೆಯೇ ಇಟ್ಟಿದ್ದೇನೆ. ಇನ್ನು ಆರು ಹೆಸರು ಬೇಕು. ಗಂಡಸರಿಗೆ ಹಾಳೆ ಇಲ್ಲ, ಭಾನುವಾರ ಬೆಳಿಗ್ಗೆ ಆರಕ್ಕೆ ಕೊಳದ ಗೇಟಿನ ಹತ್ತಿರ ನಾನು ಮತ್ತು ಆ ಹುಡುಗ ಇರುತ್ತೇವೆ. ನಲವತ್ತು ದಾಟಿದವರು ಟವೆಲಿನ ಜೊತೆ ವೈದ್ಯರ ಚೀಟಿಯನ್ನೂ ತನ್ನಿ.